ಓದುಗರ ಪ್ರಶ್ನೆ: ಮೈನಸ್ 26ರ ಚಳಿಗೆ ಸ್ನೋಬೈಕಿಗೆ ಯಾವ ಬ್ಯಾಟರಿ ಹಾಕೋದು?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ್ದು, ಅದೂ ನಮ್ಮ ಅಂಕಣಕ್ಕೆ ಅಪರೂಪದ ವಿಷಯ, ಸ್ನೋಬೈಕ್. ಕೆನಡಾ ಅಮೆರಿಕದಲ್ಲಿರೋ ನಮ್ಮ ಹುಡುಗ್ರು ಈ ಗಾಡಿ ಹಿಡ್ಕೊಂಡಿದ್ದಾರೆ ಅಂತ ಓದಿ ತುಂಬಾ ಖುಷಿ ಆಯ್ತು, ಯಾಕಂದ್ರೆ ಕೆನಡಾದ ಆಲ್ಬರ್ಟಾದಲ್ಲಿ ಹನ್ನೊಂದು ಚಳಿಗಾಲ ಬೈಕ್ ವೈರಿಂಗು ಬ್ಯಾಟರಿ ಅಂತಲೇ ದುಡಿದವನು ನಾನು. ಹಾಗಾಗಿ ಈ ತಿಂಗಳ ಜಾಗ ಪೂರ್ತಿ ಇದಕ್ಕೇ ಕೊಡ್ತಿದ್ದೀನಿ.

ನೋಡಿಲ್ಲದವರಿಗೆ ಎರಡು ಮಾತು. ಸ್ನೋಬೈಕ್ ಅಂದ್ರೆ ಬೇರೆ ಗಾಡಿ ಅಲ್ಲ, ಮಾಮೂಲಿ 450 ಸಿಸಿ ಡರ್ಟ್ ಬೈಕೇ. ಮುಂದಿನ ಚಕ್ರ ತೆಗೆದು ಅಗಲವಾದ ಒಂದು ಸ್ಕೀ ಹಾಕ್ತಾರೆ, ಹಿಂದಿನ ಚಕ್ರ ತೆಗೆದು ಉದ್ದನೆಯ ರಬ್ಬರ್ ಟ್ರ್ಯಾಕ್ ಹಾಕ್ತಾರೆ, ಸೊಂಟದುದ್ದ ಹಿಮದಲ್ಲೂ ಮರಗಳ ಮಧ್ಯೆ ನುಗ್ಗುತ್ತೆ. ಅಮೆರಿಕದ ಐಡಹೋ ರಾಜ್ಯದ ಸ್ಯಾಂಡ್‌ಪಾಯಿಂಟ್ ಅನ್ನೋ ಊರಿನ ಟಿಂಬರ್‌ಸ್ಲೆಡ್ ಕಂಪನಿ ಈ ಕಿಟ್‌ಗಳಿಂದ ಹೆಸರು ಮಾಡ್ತು, 2015ರಲ್ಲಿ ಅದನ್ನ ಹಿಮದ ಗಾಡಿ ಮಾಡೋ ಪೊಲಾರಿಸ್ ಕಂಪನಿಯವರು ಕೊಂಡ್ಕೊಂಡ್ರು, ಆಮೇಲೆ ಈ ಆಟ ಜೋರಾಗಿ ಹಬ್ತು. ಇಷ್ಟು ಗೊತ್ತಿದ್ರೆ ಸಾಕು, ಪ್ರಶ್ನೆಗೆ ಬರೋಣ.

ಪ್ರಶ್ನೆ: ಸರ್, ನಾನು ಹುಬ್ಬಳ್ಳಿ ಕಡೆಯವನು, ಎಂಟು ವರ್ಷದಿಂದ ಕ್ಯಾಲ್ಗರಿಯಲ್ಲಿದ್ದೀನಿ. ಹೋದ ವರ್ಷ ಒಂದು ಸೆಕೆಂಡ್ ಹ್ಯಾಂಡ್ 450 ಬೈಕು, ಟ್ರ್ಯಾಕ್ ಕಿಟ್ ಸಮೇತ ತಗೊಂಡೆ. ಕಿಕ್ಕರ್ ಇಲ್ಲ, ಬಟನ್ ಮಾತ್ರ. ಮನೆ ಗರಾಜಲ್ಲಿ ಒತ್ತಿದ ತಕ್ಷಣ ಸ್ಟಾರ್ಟ್ ಆಗುತ್ತೆ. ಆದ್ರೆ ರಾತ್ರಿ ಟ್ರಕ್ ಹಿಂದೆ ಕಟ್ಟಿ, ಗೋಲ್ಡನ್ ಊರಲ್ಲಿ ಮೋಟೆಲಲ್ಲಿ ಉಳ್ಕೊಂಡು, ಬೆಳಿಗ್ಗೆ ಮೈನಸ್ 26ರಲ್ಲಿ ಬಟನ್ ಒತ್ತಿದ್ರೆ ಟಕ್ ಅಂತ ಒಂದು ಸದ್ದು, ಅಷ್ಟೇ. ಅಂಗಡಿಯವರು ಲೇಬಲ್ ಮೇಲೆ ಸಿಸಿಎ ನಂಬರ್ ದೊಡ್ಡದಿರೋ ಲಿಥಿಯಂ ತಗೊಳ್ಳಿ ಅಂತಾರೆ. ಜೊತೆಗೆ ಓಡಿಸೋ ಗೆಳೆಯ ಲಿಥಿಯಂ ಚಳಿಗೆ ಆಗಿಬರಲ್ಲ, ಹಳೇ ಲೆಡ್ ಬ್ಯಾಟರಿನೇ ಹಾಕು ಅಂತಾನೆ. ಯಾರ ಮಾತು ಕೇಳ್ಲಿ?

ಉತ್ತರ: ಇಬ್ಬರೂ ಹೇಳಿದ್ದು ಅರ್ಧ ಸರಿ. ಆದ್ರೆ ನಿಮ್ಮ ಪತ್ರದಲ್ಲೇ ಇರೋ ಮುಖ್ಯ ಮಾತನ್ನ ಅವರಿಬ್ಬರೂ ಕೇಳಿಸಿಕೊಂಡಿಲ್ಲ ಅನ್ಸುತ್ತೆ. ಗರಾಜಲ್ಲಿ ಒಂದೇ ಸಲಕ್ಕೆ ಸ್ಟಾರ್ಟ್, ರಾತ್ರಿ ಟ್ರಕ್ ಹಿಂದೆ ಇದ್ರೆ ಟಕ್. ಅಂದ್ರೆ ನಿಮ್ಮ ಬ್ಯಾಟರಿ ಸತ್ತಿಲ್ಲ, ಚಳಿಯಲ್ಲಿ ಮರಗಟ್ಟಿದೆ. ಯಾರೇ ನನ್ನ ಹತ್ರ ಸ್ನೋಬೈಕ್ ಬ್ಯಾಟರಿ ಕೇಳಿದ್ರೂ ನಾನು ಕಂಪನಿ ಹೆಸರಿಗಿಂತ ಮೊದಲು ಕೇಳೋದು ಒಂದೇ, ಬ್ಯಾಟರಿ ರಾತ್ರಿ ಎಲ್ಲಿ ಮಲಗುತ್ತೆ? ಮನೆ ಒಳಗಾ, ಗರಾಜಲ್ಲಾ, ಟ್ರಕ್ ಹಿಂದೆ ಬಯಲಲ್ಲಾ? ಅದರ ಮೇಲೆ ಉಳಿದಿದ್ದೆಲ್ಲ ನಿರ್ಧಾರ ಆಗುತ್ತೆ.

ಚಳಿ ಎರಡೂ ಕಡೆಯಿಂದ ಹೊಡೆಯುತ್ತೆ ಅನ್ನೋದನ್ನ ಮೊದಲು ಅರ್ಥ ಮಾಡ್ಕೊಳ್ಳಿ. ಡಿಸೆಂಬರ್ ಬೆಳಿಗ್ಗೆ ನಮ್ಮ ಮಲೆನಾಡಲ್ಲಿ ಕೊಬ್ಬರಿ ಎಣ್ಣೆ ಬಾಟ್ಲಿ ಬೆಳ್ಳಗೆ ಗಟ್ಟಿಯಾಗಿ ಕೂತಿರುತ್ತಲ್ಲ, ಬಿಸಿಲಿಗೋ ಒಲೆ ಪಕ್ಕಕ್ಕೋ ಇಟ್ಟು ಕರಗಿಸ್ತೀವಲ್ಲ, ಎಂಜಿನ್ ಆಯಿಲ್ ಅಷ್ಟು ಗಟ್ಟಿ ಆಗದಿದ್ರೂ ಮೈನಸ್ 26ರಲ್ಲಿ ಜೋನಿ ಬೆಲ್ಲದ ಥರ ಎಳೆಯೋಕೆ ಶುರು ಮಾಡುತ್ತೆ. ಆ ಜಿಗುಟಿನಲ್ಲಿ ಎಂಜಿನ್ ತಿರುಗಿಸೋಕೆ ಸ್ಟಾರ್ಟರ್ ಮೋಟರ್ ಜಾಸ್ತಿ ಕರೆಂಟ್ ಕೇಳುತ್ತೆ. ಅದೇ ಹೊತ್ತಿಗೆ ಬ್ಯಾಟರಿ ಕಡಿಮೆ ಕೊಡುತ್ತೆ, ಯಾಕಂದ್ರೆ ಒಳಗೆ ನಡೆಯೋದು ರಾಸಾಯನಿಕ ಕ್ರಿಯೆ, ಚಳಿಯಲ್ಲಿ ಅದು ನಿಧಾನ ಆಗುತ್ತೆ, ಒಳಗಿನ ತಡೆ ಏರುತ್ತೆ. ಬೇಡಿಕೆ ಮೇಲೆ, ಪೂರೈಕೆ ಕೆಳಗೆ, ಮಧ್ಯೆ ನಿಮ್ಮ ಟಕ್.

ಈಗ ಎರಡು ಜಾತಿ ಬ್ಯಾಟರಿ ಚಳಿಯಲ್ಲಿ ಹೇಗೆ ನಡ್ಕೊಳ್ಳುತ್ತೆ ನೋಡಿ, ಇಲ್ಲಿ ದೊಡ್ಡ ವ್ಯತ್ಯಾಸ ಇದೆ. ಲೆಡ್ ಬ್ಯಾಟರಿ, ಅದ್ರಲ್ಲೂ ಈಗ ಬೈಕಿಗೆ ಬರೋ ಸೀಲ್ಡ್ ಎಜಿಎಂ, ಮೊದಲನೇ ಸಲಕ್ಕೇ ತನ್ನ ಶಕ್ತಿಯೆಲ್ಲ ಹಾಕುತ್ತೆ, ಮೈನಸ್ 18ರ ಹೊತ್ತಿಗೆ ಅದರ ಸಾಮರ್ಥ್ಯ ಸುಮಾರು ಅರ್ಧಕ್ಕೆ ಇಳಿದಿರುತ್ತೆ, ಆದ್ರೂ ಇರೋ ಅರ್ಧನ ಕೇಳಿದ ತಕ್ಷಣ ಕೊಡುತ್ತೆ. ಎರಡನೇ ಸಲ ಸ್ವಲ್ಪ ಕಡಿಮೆ, ಮೂರನೇ ಸಲ ಇನ್ನೂ ಕಡಿಮೆ. ಲಿಥಿಯಂ ಇದಕ್ಕೆ ಉಲ್ಟಾ. ಮೊದಲ ಒತ್ತಿಗೆ ಏನೂ ಇಲ್ಲ ಅನ್ನೋ ಹಾಗೆ ಮಲಗಿರುತ್ತೆ, ಆದ್ರೆ ಕರೆಂಟ್ ಹರಿದಾಗ ಒಳಗಿನ ತಡೆಯಿಂದಲೇ ಸೆಲ್ ಬೆಚ್ಚಗಾಗುತ್ತೆ, ಬೆಚ್ಚಗಾದ್ರೆ ತಡೆ ಇಳಿಯುತ್ತೆ, ಎರಡನೇ ಸಲ ಮೊದಲಿಗಿಂತ ಜೋರು, ಮೂರನೇ ಸಲ ಇನ್ನೂ ಜೋರು. ಬೆಳಗ್ಗೆ ನೊಗ ಹೂಡಿದ ಎತ್ತು ಎರಡು ಸಾಲು ಉತ್ತ ಮೇಲೆ ಹದಕ್ಕೆ ಬರುತ್ತಲ್ಲ, ಹಾಗೆ. ನಿಮ್ಮ ಗೆಳೆಯ ಲಿಥಿಯಂ ಆಗಲ್ಲ ಅನ್ನೋದು ಮೊದಲನೇ ಒತ್ತು ನೋಡಿ, ಹಲವರು ಅಲ್ಲಿಗೇ ಕೈ ಬಿಡ್ತಾರೆ.

ಇನ್ನು ಅಂಗಡಿಯವರ ದೊಡ್ಡ ನಂಬರಿನ ಮಾತು. ಸಿಸಿಎ ಅಂದ್ರೆ ಕೋಲ್ಡ್ ಕ್ರ್ಯಾಂಕಿಂಗ್ ಆಂಪ್ಸ್, ಅದರ ಅಳತೆಗೆ ಒಂದು ನಿಯಮ ಇದೆ. ಮೈನಸ್ 18 ಡಿಗ್ರಿಯಲ್ಲಿ 30 ಸೆಕೆಂಡು ಪೂರ್ತಿ ಕರೆಂಟ್ ಎಳೀಬೇಕು, ಅಷ್ಟೂ ಹೊತ್ತು 12 ವೋಲ್ಟಿನ ಬ್ಯಾಟರಿ 7.2 ವೋಲ್ಟಿಗಿಂತ ಕೆಳಗೆ ಇಳೀಬಾರದು. ಒಳ್ಳೆ ಕಂಪನಿಯ ಲೆಡ್ ಬ್ಯಾಟರಿ ಮೇಲೆ ಬರೆದ ನಂಬರ್ ಈ ಪರೀಕ್ಷೆಯದ್ದು. ಲಿಥಿಯಂ ಮೇಲೆ ಬರೆದಿರೋದು ಹಲವು ಸಲ ಬೆಚ್ಚಗಿನ ರೂಮಲ್ಲಿ ಕೆಲವೇ ಸೆಕೆಂಡು ಎಳೆದ ಕರೆಂಟು. ಎರಡನ್ನೂ ಪಕ್ಕ ಪಕ್ಕ ಇಟ್ಟು 130ಕ್ಕಿಂತ 250 ದೊಡ್ಡದು ಅಂತ ತಗೊಂಡ್ರೆ ಸೇರಿನಲ್ಲಿ ಅಳೆದಿದ್ದನ್ನೂ ಕಿಲೋದಲ್ಲಿ ತೂಗಿದ್ದನ್ನೂ ಹೋಲಿಸಿದ ಹಾಗೆ.

ಆಂಪ್ ಅವರ್, ಅಂದ್ರೆ ಬ್ಯಾಟರಿ ಒಳಗೆ ಎಷ್ಟು ಕರೆಂಟ್ ಹಿಡಿಯುತ್ತೆ ಅನ್ನೋ ಅಳತೆ, ಆ ನಂಬರಿನಲ್ಲೂ ಇದೇ ಕಥೆ. ಕೆಲವು ಲಿಥಿಯಂ ಮೇಲೆ 12 ಆಂಪ್ ಅವರ್ ಅಂತ ದೊಡ್ಡದಾಗಿ ಇರುತ್ತೆ, ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಲೆಡ್‌ಗೆ ಸಮಾನ ಅಂತ ಇರುತ್ತೆ. ಅಂದ್ರೆ 12ರ ಲೆಡ್ ಬ್ಯಾಟರಿ ಮಾಡೋ ಸ್ಟಾರ್ಟಿಂಗ್ ಕೆಲಸ ಇದು ಮಾಡುತ್ತೆ ಅಂತ ಅರ್ಥ, ಒಳಗೆ ನಿಜವಾಗಿ ಇರೋದು ಅದರ ಮೂರನೇ ಒಂದು ಭಾಗ, ಸುಮಾರು 4. ಬೇಸಿಗೆಯಲ್ಲಿ ಅದು ದೊಡ್ಡ ವಿಷಯ ಅಲ್ಲ. ಚಳಿಯಲ್ಲಿ, ಬಟನ್ ಹತ್ತು ಸಲ ಒತ್ತಬೇಕಾದಾಗ, ಗುಡ್ಡದಲ್ಲಿ ಗಾಡಿ ಬಿದ್ದು ಎದ್ದು ದಿನಕ್ಕೆ ಇಪ್ಪತ್ತು ಸಲ ಸ್ಟಾರ್ಟ್ ಮಾಡಬೇಕಾದಾಗ ಆ ನಿಜವಾದ ಆಂಪ್ ಅವರೇ ಕೈ ಹಿಡಿಯೋದು. ಡರ್ಟ್ ಬೈಕಿನ ಜೊತೆ ಕಂಪನಿಯಿಂದ ಬರೋ ಲಿಥಿಯಂ ಬರೀ 2 ಆಂಪ್ ಅವರ್ ಆಸುಪಾಸು ಇರುತ್ತೆ, ರೇಸಿಗೆ ಹಗುರ ಬೇಕು ಅಂತ ಹಾಗೆ ಕೊಟ್ಟಿರ್ತಾರೆ, ಸ್ನೋಬೈಕಿಗೆ ಅದು ಸಾಲದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಟ್ರ್ಯಾಕ್ ಕಿಟ್ ಸೇರಿ ನೂರು ಕಿಲೋ ದಾಟಿದ ಗಾಡಿಗೆ ಅರ್ಧ ಕಿಲೋ ಉಳಿಸಿ ಏನಾಗ್ಬೇಕು ಹೇಳಿ.

ಹಾಗಾದ್ರೆ ಯಾವುದು ತಗೊಳ್ಬೇಕು? ನಿಮ್ಮ ಬೈಕಲ್ಲಿ ಸೀಟ್ ತೆಗೆದು ಬ್ಯಾಟರಿ ಬಿಚ್ಚೋಕೆ ಐದು ನಿಮಿಷ ಸಾಕು ಅಂದ್ರೆ ಲಿಥಿಯಂ ತಗೊಳ್ಳಿ, ಅದೂ ಲಿಥಿಯಂ ಐರನ್ ಫಾಸ್ಫೇಟ್ ಜಾತಿದು, ನಿಜವಾದ 4 ಆಂಪ್ ಅವರ್ ಅಥವಾ ಜಾಸ್ತಿ, ಒಳಗೆ ವೋಲ್ಟೇಜ್ ತೀರಾ ಇಳಿದಾಗ ತಾನೇ ಕಟ್ ಆಗೋ ಸರ್ಕ್ಯೂಟ್ ಇರೋದು. ಆಂಟಿಗ್ರಾವಿಟಿ ಅನ್ನೋ ಬ್ಯಾಟರಿ ಕಂಪನಿಯವರ ರೀ-ಸ್ಟಾರ್ಟ್ ಮಾಡೆಲ್‌ಗಳಲ್ಲಿ ಕಟ್ ಆದ ಮೇಲೆ ಒಂದು ಗುಂಡಿ ಒತ್ತಿದ್ರೆ ಉಳಿಸಿಟ್ಟ ಸ್ವಲ್ಪ ಶಕ್ತಿ ಬಿಡುತ್ತೆ, ಒಂದು ಸಲ ಸ್ಟಾರ್ಟ್ ಮಾಡೋಕೆ. ಬೆಟ್ಟದಲ್ಲಿ ಅದು ದುಡ್ಡಿಗೆ ತಕ್ಕ ವಸ್ತು ಅಂತ ನಾನು ಹೇಳ್ತೀನಿ. ಆಮೇಲೆ ರಾತ್ರಿ ಆ ಬ್ಯಾಟರಿನ ಬಿಚ್ಚಿ ಮೋಟೆಲ್ ರೂಮಿಗೆ ತಗೊಂಡು ಹೋಗಿ, ತೂಕ ಒಂದು ಕಿಲೋ ಆಸುಪಾಸು, ಬೆಳಿಗ್ಗೆ ಜಾಕೆಟ್ ಒಳಗೆ ಹಾಕ್ಕೊಂಡು ಬಂದು ಜೋಡಿಸಿ. ರೂಮಿನ 20 ಡಿಗ್ರಿಯಲ್ಲಿದ್ದ ಲಿಥಿಯಂ ಮೈನಸ್ 26ರ ಎಂಜಿನ್ ತಿರುಗಿಸೋದನ್ನ ಒಂದು ಸಲ ನೋಡಿದ್ರೆ ನಿಮ್ಮ ಗೆಳೆಯನೂ ಮಾತು ಬದಲಾಯಿಸ್ತಾನೆ.

ಬಿಚ್ಚೋಕೆ ಆಗಲ್ಲ, ಟ್ರಕ್ಕಲ್ಲೇ ರಾತ್ರಿ ಕಳೀಬೇಕು, ಮೈನಸ್ 20ರ ಕೆಳಗೆ ಇದು ಮಾಮೂಲಿ ಅನ್ನೋರಿಗೆ ನಾನು ಎಜಿಎಂ ಹೇಳ್ತೀನಿ. ಹಲವು 450ಗಳಲ್ಲಿ ಬರೋದು ವೈಟಿಜೆಡ್5ಎಸ್ ಅಳತೆ, ಅದರ ಅಣ್ಣ ವೈಟಿಜೆಡ್7ಎಸ್, ತಳ ಎರಡಕ್ಕೂ ಒಂದೇ, 113 ಮಿಮೀ ಉದ್ದ 70 ಅಗಲ, ಎತ್ತರ ಮಾತ್ರ 85ರ ಬದಲು 105. ಆ 20 ಮಿಮೀ ನಿಮ್ಮ ಬಾಕ್ಸಲ್ಲಿ ಸಿಗುತ್ತಾ ಅಂತ ಸ್ಕೇಲ್ ಹಿಡಿದು ನೋಡಿ, ಸೀಟ್ ತಳ ಟರ್ಮಿನಲ್‌ಗೆ ತಾಗಬಾರದು, ಪ್ಲಸ್ ಯಾವ ಕಡೆ ಇದೆ ಅಂತಾನೂ ನೋಡಿ. ಎಜಿಎಂ ಹಾಕಿದ್ರೆ ಒಂದು ಎಚ್ಚರ ಬೇಕು, ಪೂರ್ತಿ ಚಾರ್ಜ್ ಇದ್ರೆ ಒಳಗಿನ ಆ್ಯಸಿಡ್ ಮೈನಸ್ 50ಕ್ಕೂ ಹೆಪ್ಪುಗಟ್ಟಲ್ಲ, ಖಾಲಿ ಆಗಿದ್ರೆ ಮೈನಸ್ 10ರ ಆಸುಪಾಸಿಗೇ ಗಟ್ಟಿಯಾಗಿ ಡಬ್ಬಿ ಉಬ್ಬಿ ಹೋಗುತ್ತೆ. ಸಂಜೆ ಖಾಲಿ ಬ್ಯಾಟರಿ ಹೊರಗೆ ಬಿಟ್ಟು ಮಲಗಿದ್ರೆ ಬೆಳಿಗ್ಗೆ ಹೊಸದೇ ಕೊಳ್ಬೇಕು.

ಬ್ಯಾಟರಿಗೆ ಸುತ್ತೋ ಸ್ಪಂಜಿನ ಕವರ್ ಬಗ್ಗೆ ಹಲವರು ಕೇಳ್ತಾರೆ. ಕಂಬಳಿ ಬೆಚ್ಚಗೆ ಇರೋದು ಒಳಗೆ ಮನುಷ್ಯ ಇದ್ದಾಗ. ಬ್ಯಾಟರಿ ತಾನಾಗಿ ಬಿಸಿ ಹುಟ್ಟಿಸಲ್ಲ, ಹಾಗಾಗಿ ಕವರ್ ಇದ್ರೂ ರಾತ್ರಿ ಎಂಟು ಗಂಟೆ ಹೊತ್ತು ಹೊರಗಿದ್ರೆ ಅದೂ ಮೈನಸ್ 26ಕ್ಕೇ ಬರುತ್ತೆ. ಹಗಲು ಊಟಕ್ಕೆ ಅಂತ ಒಂದು ಗಂಟೆ ನಿಲ್ಸಿದಾಗ ಮಾತ್ರ ಅದರಿಂದ ಲಾಭ.

ಈ ಐರನ್ ಫಾಸ್ಫೇಟ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. ಈ ವಸ್ತುವನ್ನ ಬ್ಯಾಟರಿಗೆ ಬಳಸಬಹುದು ಅಂತ ಜಗತ್ತಿಗೆ ತೋರಿಸಿದ ಪ್ರಬಂಧ 1997ರಲ್ಲಿ ಬಂತು, ಟೆಕ್ಸಾಸ್ ವಿಶ್ವವಿದ್ಯಾಲಯದ ಆಸ್ಟಿನ್ ಲ್ಯಾಬಿಂದ. ಬರೆದವರು ಮೂವರು, ಅಕ್ಷಯ ಪಾಧಿ, ಕೆ.ಎಸ್. ನಂಜುಂಡಸ್ವಾಮಿ, ಜಾನ್ ಗುಡ್‌ಇನಫ್. ಗುಡ್‌ಇನಫ್ ಅವರಿಗೆ ಲಿಥಿಯಂ ಬ್ಯಾಟರಿ ಕೆಲಸಕ್ಕೆ 2019ರಲ್ಲಿ, 97ನೇ ವಯಸ್ಸಲ್ಲಿ ನೊಬೆಲ್ ಸಿಕ್ತು. ಮಧ್ಯದ ಆ ಹೆಸರನ್ನ ಮೊದಲ ಸಲ ಓದಿದಾಗ ನನಗೆ ಮೈ ಜುಮ್ ಅಂತು. ರಾಕಿ ಬೆಟ್ಟದ ಹಿಮದಲ್ಲಿ ನಾವು ಜಾಕೆಟ್ ಒಳಗೆ ಇಟ್ಕೊಳ್ಳೋ ಡಬ್ಬಿಯ ಹಿಂದೆ ಒಬ್ಬ ನಂಜುಂಡಸ್ವಾಮಿಯವರ ಕೆಲಸ ಇದೆ.

ಕೊನೆಗೆ, ಹೊಸ ಬ್ಯಾಟರಿ ಕೊಳ್ಳೋ ಮುಂಚೆ ಒಂದು ಪರೀಕ್ಷೆ ಮಾಡಿ, ದಯವಿಟ್ಟು. ನಾನು ಆಲ್ಬರ್ಟಾಗೆ ಹೋದ ಎರಡನೇ ವರ್ಷ ಒಂದು ಅಂಗಡಿಯಲ್ಲಿ ನನ್ನ ಬೈಕಿಗೆ ಒಂದೇ ಚಳಿಗಾಲದಲ್ಲಿ ಎರಡು ಹೊಸ ಬ್ಯಾಟರಿ ಹಾಕಿಸಿದ್ರು, ಎರಡೂ ಚಳಿಯಲ್ಲಿ ಕೈ ಕೊಟ್ವು. ಮೂರನೇದಕ್ಕೆ ದುಡ್ಡಿರ್ಲಿಲ್ಲ, ಅದಕ್ಕೇ ಮಲ್ಟಿಮೀಟರ್ ಹಿಡಿದು ಕೂತೆ. ಕಪ್ಪು ತಂತಿಯ ಮೊನೆಯನ್ನ ಬ್ಯಾಟರಿಯ ಮೈನಸ್ ಗುಬಟಿನ ಮೇಲೆ, ಅಂದ್ರೆ ಕ್ಲಾಂಪ್ ಮೇಲೆ ಅಲ್ಲ, ಸೀಸದ ಮೇಲೇ ಒತ್ತಿ ಹಿಡಿದೆ, ಕೆಂಪನ್ನ ಎಂಜಿನ್ ಕೇಸಿನ ಬರೀ ಲೋಹಕ್ಕೆ. ಸ್ಟಾರ್ಟ್ ಬಟನ್ ಒತ್ತಿದಾಗ 0.2 ವೋಲ್ಟ್ ಒಳಗೆ ಇರಬೇಕಿತ್ತು, ಮೀಟರಲ್ಲಿ 1.6 ಕಾಣ್ತಿತ್ತು. ಇಡೀ ಬ್ಯಾಟರಿ ಶಕ್ತಿಯಲ್ಲಿ ಒಂದೂವರೆ ವೋಲ್ಟು ಒಂದು ಬೋಲ್ಟ್ ತಿಂತಾ ಇತ್ತು. ಅರ್ತ್ ವೈರ್ ಕೂತಿದ್ದ ಜಾಗದ ಕೆಳಗೆ ಯಾರೋ ಪೇಂಟ್ ಹೊಡೆದಿದ್ರು, ಮೇಲಿನ ಅಂಚಲ್ಲಿ ಮಾತ್ರ ಲೋಹಕ್ಕೆ ಲೋಹ ತಾಗ್ತಿತ್ತು, ಹಸಿರು ಕಿಲುಬು ಹಿಡಿದಿತ್ತು. ಎಮರಿ ಪೇಪರ್ ಹಾಕಿ ಉಜ್ಜಿ ಬೆಳ್ಳಗೆ ಮಾಡಿ, ಬಿಗಿದು, ಮೇಲೆ ಒಂಚೂರು ಗ್ರೀಸ್ ಸವರಿದೆ, ಮಾರನೇ ದಿನ ಮೈನಸ್ 22ರಲ್ಲಿ ಹಳೇ ಬ್ಯಾಟರಿಯಲ್ಲೇ ಎಂಜಿನ್ ತಿರುಗ್ತು. ಪ್ಲಸ್ ಕಡೆಯಲ್ಲೂ ಇದೇ ಥರ ಬ್ಯಾಟರಿ ಗುಬಟಿನಿಂದ ಸ್ಟಾರ್ಟರ್ ಮೋಟರ್ ಬೋಲ್ಟ್ ತನಕ ನೋಡಿ. ಅರ್ಧ ವೋಲ್ಟ್ ದಾಟಿದ್ರೆ ತಪ್ಪು ಬ್ಯಾಟರಿಯದ್ದಲ್ಲ.

ಆಯಿಲ್ ಕೂಡ ನೋಡಿ, ಬೇಸಿಗೆಯ ಗಟ್ಟಿ ಆಯಿಲ್ 20ಡಬ್ಲ್ಯೂ50 ಒಳಗಿದ್ರೆ ಯಾವ ಬ್ಯಾಟರಿ ಹಾಕಿದ್ರೂ ಅಷ್ಟೇ. ನಿಮ್ಮ ಬೈಕಿನ ಮ್ಯಾನುಯಲ್ ಒಪ್ಪಿದ್ರೆ ಚಳಿಯಲ್ಲೂ ತೆಳ್ಳಗೆ ಹರಿಯೋ 0ಡಬ್ಲ್ಯೂ40 ಅಥವಾ 5ಡಬ್ಲ್ಯೂ40 ಸಿಂಥೆಟಿಕ್, ಕ್ಲಚ್ಚಿಗೆ ಸರಿಹೋಗೋ ಬೈಕ್ ಆಯಿಲೇ ಆಗಿರಬೇಕು, ಕಾರಿನದ್ದಲ್ಲ.

ಪ್ರಶ್ನೆ: ನಾನು ಬಾಯ್ಸಿಯಲ್ಲಿ ಇದ್ದೀನಿ, ಮೂಲ ತುಮಕೂರು. ಲಿಥಿಯಂ ಬ್ಯಾಟರಿ ಚಳಿಯಲ್ಲಿ ಎಬ್ಬಿಸೋಕೆ ಹೆಡ್‌ಲೈಟ್ ಎರಡು ನಿಮಿಷ ಹಾಕಿಡಿ ಅಂತ ಡಬ್ಬಿ ಮೇಲೆ ಬರೆದಿದೆ. ನನ್ನದು 2018ರ ಯಮಹಾ ವೈಜೆಡ್450ಎಫ್, ಇದಕ್ಕೆ ಹೆಡ್‌ಲೈಟೇ ಇಲ್ಲ! ಕಿಕ್ಕೂ ಇಲ್ಲ. ಏನ್ ಮಾಡ್ಲಿ? ಇನ್ನೊಂದು, ಮೀಟರಲ್ಲಿ 12.8 ತೋರಿಸುತ್ತೆ, ಫುಲ್ ಚಾರ್ಜ್ ಇದ್ರೂ ಯಾಕೆ ತಿರುಗಲ್ಲ?

ಉತ್ತರ: ಎರಡನೇದು ಮೊದಲು, ಯಾಕಂದ್ರೆ ನಿಮ್ಮ ತೊಂದರೆ ಬಹುಶಃ ಅಲ್ಲೇ ಇದೆ. 12.8 ವೋಲ್ಟ್ ಲೆಡ್ ಬ್ಯಾಟರಿಯಲ್ಲಿ ತುಂಬಿದ ಕೊಡ. ಅದೇ 12.8 ಲಿಥಿಯಂ ಐರನ್ ಫಾಸ್ಫೇಟಲ್ಲಿ ತಳ ಕಾಣ್ತಿರೋ ಕೊಡ, ಐದರಲ್ಲಿ ಒಂದು ಪಾಲು ಉಳಿದಿರಬಹುದು ಅಷ್ಟೇ. ಲಿಥಿಯಂ ತುಂಬಿದ್ದಾಗ ಚಾರ್ಜರ್ ತೆಗೆದು ಕೆಲವು ಗಂಟೆ ಆದ ಮೇಲೂ 13.3ರ ಮೇಲೆ ನಿಂತಿರಬೇಕು. ಹಳೇ ಲೆಡ್ ಲೆಕ್ಕ ತಲೆಯಲ್ಲಿ ಇಟ್ಕೊಂಡು ಲಿಥಿಯಂ ಅಳೆದು ಎಷ್ಟೋ ಜನ ಖಾಲಿ ಬ್ಯಾಟರಿ ಹೊತ್ಕೊಂಡು ಬೆಟ್ಟಕ್ಕೆ ಹೋಗ್ತಾರೆ, ಇದನ್ನ ನಾನು ಎಷ್ಟು ಸಲ ಹೇಳಿದ್ರೂ ಕಡಿಮೆಯೇ.

ಚಾರ್ಜ್ ಮಾಡುವಾಗ ಲಿಥಿಯಂ ಮೋಡ್ ಇರೋ ಚಾರ್ಜರ್ ಬಳಸಿ, ಲೆಡ್ ಬ್ಯಾಟರಿ ರಿಪೇರಿ ಮಾಡೋಕೆ ಅಂತ ವೋಲ್ಟೇಜ್ ಏರಿಸೋ ಡೀಸಲ್ಫೇಶನ್ ಮೋಡ್ ಯಾವತ್ತೂ ಬೇಡ. ಇನ್ನೊಂದು, ಗರಾಜ್ ಸೊನ್ನೆಗಿಂತ ಕೆಳಗಿದ್ರೆ ಅಲ್ಲಿ ಚಾರ್ಜಿಗೆ ಹಾಕಬೇಡಿ. ಅಷ್ಟು ಚಳಿಯಲ್ಲಿ ಲಿಥಿಯಂ ಅಂಶ ಸೆಲ್ಲಿನ ಗ್ರಾಫೈಟ್ ಒಳಗೆ ಇಳಿಯೋಕೆ ಆಗದೆ ಅದರ ಮೇಲೇ ಲೋಹದ ಪದರ ಆಗಿ ಕೂರುತ್ತೆ, ಮತ್ತೆ ಪೂರ್ತಿ ಸರಿ ಆಗಲ್ಲ, ಬ್ಯಾಟರಿ ಒಳಗೊಳಗೇ ಸವೆಯುತ್ತೆ. ಮನೆ ಒಳಗೆ ತಂದು, ಮುಟ್ಟಿದ್ರೆ ತಣ್ಣಗೆ ಅನ್ನಿಸದಷ್ಟು ಹೊತ್ತು ಬಿಟ್ಟು ಆಮೇಲೆ ಪ್ಲಗ್ ಹಾಕಿ.

ಈಗ ಹೆಡ್‌ಲೈಟ್ ವಿಷಯ. ವೈಜೆಡ್450ಎಫ್‌ಗೆ 2018ರಲ್ಲೇ ಬಟನ್ ಸ್ಟಾರ್ಟ್ ಬಂದು ಕಿಕ್ ಹೋಗಿದ್ದು, ಮೋಟೊಕ್ರಾಸ್, ಅಂದ್ರೆ ಮಣ್ಣಿನ ಟ್ರ್ಯಾಕಲ್ಲಿ ರೇಸ್ ಓಡೋ ಬೈಕಿಗೆ ಲೈಟ್ ಯಾಕೆ ಕೊಡ್ತಾರೆ. ಎರಡು ದಾರಿ ಇದೆ. ಬಟನ್ನನ್ನೇ ಎರಡು ಮೂರು ಸೆಕೆಂಡು ಒತ್ತಿ, ತಿರುಗದಿದ್ರೂ ಪರ್ವಾಗಿಲ್ಲ, ಬಿಟ್ಟು ಅರ್ಧ ನಿಮಿಷ ಕಾದು ಮತ್ತೆ ಒತ್ತಿ, ಮೂರ್ನಾಲ್ಕು ಸಲ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಕ್ಲಚ್ ಪೂರ್ತಿ ಹಿಡಿದಿರಿ, ಗೇರ್‌ಬಾಕ್ಸಿನ ಗಟ್ಟಿ ಆಯಿಲ್ ಎಳೆಯೋ ಭಾರ ಸ್ವಲ್ಪ ಕಡಿಮೆ ಆಗುತ್ತೆ. ಐದು ಸೆಕೆಂಡಿಗಿಂತ ಜಾಸ್ತಿ ಒಂದೇ ಸಮ ಒತ್ತಬೇಡಿ, ಸ್ಟಾರ್ಟರ್ ಮೋಟರ್ ಸುಡುತ್ತೆ.

ಇದಕ್ಕಿಂತ ನನಗೆ ಇಷ್ಟ ಆಗೋದು ಇನ್ನೊಂದು ದಾರಿ. ಬ್ಯಾಟರಿ ಚಾರ್ಜರ್ ಜೋಡಿಸೋಕೆ ಫ್ಯೂಸ್ ಇರೋ ಒಂದು ಬಾಲ ವೈರ್ ಸಿಗುತ್ತೆ, ಅದನ್ನ ಬ್ಯಾಟರಿಗೆ ಖಾಯಂ ಜೋಡಿಸಿ. ಒಂದು 55 ವ್ಯಾಟಿನ ಕಾರ್ ಹೆಡ್‌ಲೈಟ್ ಬಲ್ಬಿಗೆ ಅದೇ ಥರ ಕನೆಕ್ಟರ್ ಹಾಕಿ ಬ್ಯಾಗಲ್ಲಿ ಇಟ್ಕೊಳ್ಳಿ. ಬೆಳಿಗ್ಗೆ ಜೋಡಿಸಿ ಎರಡು ನಿಮಿಷ ಉರಿಸಿ. ಅದು ಎಳೆಯೋದು ಸುಮಾರು ನಾಲ್ಕೂವರೆ ಆಂಪ್, ಎರಡು ನಿಮಿಷಕ್ಕೆ 0.15 ಆಂಪ್ ಅವರ್, 4ರ ಬ್ಯಾಟರಿಯಲ್ಲಿ ನಾಲ್ಕು ಪರ್ಸೆಂಟ್ ಕೂಡ ಆಗಲ್ಲ. ಬಲ್ಬ್ ನೋಡ್ತಾ ಇರಿ, ಮೊದಲು ಕೆಂಪು ಕೆಂಪಾಗಿ ಮಂಕಾಗಿರುತ್ತೆ, ನಿಧಾನಕ್ಕೆ ಹಳದಿ ಆಗಿ ಬೆಳ್ಳಗೆ ಆಗ್ತಾ ಬರುತ್ತೆ, ಬ್ಯಾಟರಿ ಕಣ್ಣು ಬಿಡೋದು ಅಲ್ಲೇ ಕಾಣುತ್ತೆ. ಬೆಳಕು ಏರೋದು ನಿಂತ ಮೇಲೆ ಬಲ್ಬ್ ಕಿತ್ತು ಬಟನ್ ಒತ್ತಿ. ಬಲ್ಬಿನ ಗಾಜು ಮುಟ್ಟಬೇಡಿ, ಸುಡುತ್ತೆ, ಒಂದು ಹಳೇ ತಗಡಿನ ಡಬ್ಬಿ ಒಳಗೆ ಕೂರಿಸಿದ್ರೆ ಒಳ್ಳೇದು. ಬಲ್ಬ್ ಮಂಕಾಗೇ ಉಳಿದ್ರೆ ಅಥವಾ ಇನ್ನೂ ಇಳೀತಾ ಹೋದ್ರೆ ಅದು ಚಳಿ ಅಲ್ಲ, ಖಾಲಿ.

ಹೀಟೆಡ್ ಗ್ರಿಪ್ ಹಾಕಿಸಿದ್ರೆ ಇದನ್ನೂ ಗಮನದಲ್ಲಿ ಇಡಿ. ಮೋಟೊಕ್ರಾಸ್ ಬೈಕಿನ ಸ್ಟೇಟರ್, ಅಂದ್ರೆ ಎಂಜಿನ್ ತಿರುಗುವಾಗ ಕರೆಂಟ್ ಹುಟ್ಟಿಸೋ ಸುರುಳಿ, ಕೊಡೋ ಕರೆಂಟ್ ಕಡಿಮೆ, ಗ್ರಿಪ್ಪು ಜಿಪಿಎಸ್ಸು ಎಲ್ಲ ಹಾಕಿ ನಿಧಾನಕ್ಕೆ ಮರಗಳ ಮಧ್ಯೆ ಓಡಿಸಿದ್ರೆ ದಿನವಿಡೀ ಬ್ಯಾಟರಿ ತುಂಬೋ ಬದಲು ಖಾಲಿ ಆಗ್ತಾ ಇರುತ್ತೆ. ಎಂಜಿನ್ ಸ್ವಲ್ಪ ರೇಸ್ ಮಾಡಿ ಗ್ರಿಪ್ ಆನ್ ಮಾಡಿಯೇ ಬ್ಯಾಟರಿ ಮೇಲೆ ಅಳೆಯಿರಿ, ಹದಿಮೂರೂವರೆ ವೋಲ್ಟಿಗಿಂತ ಕೆಳಗಿದ್ರೆ ಲಿಥಿಯಂಗೆ ಅದು ಸಾಲಲ್ಲ.

ಪ್ರಶ್ನೆ: ಸಿಯಾಟಲ್‌ನಿಂದ ಬರೀತಿದ್ದೀನಿ. ಸೀಸನ್ ಮುಗೀತು, ನನ್ನ ಹತ್ರ ಒಂದು ಹೆಚ್ಚುವರಿ 4 ಆಂಪ್ ಅವರ್ ಲಿಥಿಯಂ ಬ್ಯಾಟರಿ ಇದೆ. ಬೆಂಗಳೂರಲ್ಲಿ ತಮ್ಮನ ಬೈಕಿಗೆ ಆಗುತ್ತೆ, ಸೂಟ್‌ಕೇಸಲ್ಲಿ ಹಾಕ್ಕೊಂಡು ಬರಬಹುದಾ?

ಉತ್ತರ: ಚೆಕ್-ಇನ್ ಸೂಟ್‌ಕೇಸಲ್ಲಿ ಖಂಡಿತ ಬೇಡ, ಬಿಡಿ ಲಿಥಿಯಂ ಬ್ಯಾಟರಿ ಅಲ್ಲಿ ಹಾಕೋ ಹಾಗೇ ಇಲ್ಲ. ಕ್ಯಾಬಿನ್ ಬ್ಯಾಗಿಗೆ 100 ವ್ಯಾಟ್ ಅವರ್ ತನಕ ನಿಯಮದಲ್ಲಿ ಅವಕಾಶ ಇದೆ, ನಿಮ್ಮದು 12.8 ಗುಣಿಸು 4, ಸುಮಾರು 51. ಟರ್ಮಿನಲ್ ಎರಡಕ್ಕೂ ಟೇಪ್ ಸುತ್ತಿ, ವ್ಯಾಟ್ ಅವರ್ ಬರೆದ ಲೇಬಲ್ ಕಾಣೋ ಹಾಗೆ ಇಟ್ಟು, ಹೊರಡೋ ಮುಂಚೆ ವಿಮಾನದವರಿಗೆ ಬರೆದು ಒಪ್ಪಿಗೆ ತಗೊಳ್ಳಿ. ಸೆಕ್ಯೂರಿಟಿಯಲ್ಲಿ ಬೇಡ ಅಂದ್ರೆ ವಾದ ಮಾಡಬೇಡಿ. ಉಬ್ಬಿದ್ರೆ, ಬಿದ್ದು ಏಟಾಗಿದ್ರೆ ತರೋ ಯೋಚನೆನೇ ಬಿಡಿ. ತಮ್ಮನ ಬೈಕಿನ ಚಾರ್ಜಿಂಗ್ ವೋಲ್ಟೇಜ್ 14.6 ದಾಟಬಾರದು, ಅಳೆದು ಆಮೇಲೆ ಹಾಕಿ.

ಪ್ರಶ್ನೆ: ನಮ್ಮದು ಹಾಸನದ ಹತ್ರ ಹಳ್ಳಿ. ಮಗ ಕೆನಡಾದಲ್ಲಿ ರೆವೆಲ್‌ಸ್ಟೋಕ್ ಅನ್ನೋ ಊರಿನ ಬೆಟ್ಟಕ್ಕೆ ಪ್ರತಿ ಶನಿವಾರ ಈ ಹಿಮದ ಬೈಕ್ ತಗೊಂಡು ಹೋಗ್ತಾನೆ. ಕಿಕ್ ಇಲ್ವಂತೆ, ಬ್ಯಾಟರಿ ಹೋದ್ರೆ ಗಾಡಿ ಅಲ್ಲೇ ಅಂತೆ. ಅಷ್ಟು ದೂರ ಕಾಡಲ್ಲಿ ಬ್ಯಾಟರಿ ಕೈ ಕೊಟ್ರೆ ಏನ್ ಮಾಡ್ತಾನೆ? ನಾನು ಅವನಿಗೆ ಏನ್ ಹೇಳ್ಬೇಕು ಹೇಳಿ.

ಉತ್ತರ: ಅಮ್ಮಾ, ನಿಮ್ಮ ಪತ್ರ ಎರಡು ಸಲ ಓದಿದೆ. ನಿಮ್ಮ ಭಯ ಸುಮ್ಮನೆ ಹುಟ್ಟಿದ್ದಲ್ಲ, ಅದಕ್ಕೇ ಸಮಾಧಾನದ ಮಾತಿಗಿಂತ ಕೆಲಸಕ್ಕೆ ಬರೋ ಮಾತು ಹೇಳ್ತೀನಿ.

ನಮ್ಮೂರಲ್ಲಿ ಬ್ಯಾಟರಿ ಹೋದ್ರೆ ನಾಲ್ಕು ಹುಡುಗ್ರು ಹಿಂದಿಂದ ತಳ್ಳಿ ಸ್ಟಾರ್ಟ್ ಮಾಡ್ತಾರೆ. ಹಿಮದಲ್ಲಿ ಅದು ನಡೆಯಲ್ಲ, ಟ್ರ್ಯಾಕ್ ಹಿಮದಲ್ಲಿ ಹೂತಿರುತ್ತೆ, ತಳ್ಳೋನ ಕಾಲೂ ಹೂತಿರುತ್ತೆ. ಹಾಗಾಗಿ ನಿಮ್ಮ ಮಗನ ಹತ್ರ ಎರಡನೇ ಶಕ್ತಿ ಇರಲೇಬೇಕು. ಕೈಯಲ್ಲಿ ಹಿಡಿಯೋವಷ್ಟು ಚಿಕ್ಕ ಜಂಪ್ ಸ್ಟಾರ್ಟರ್ ಪ್ಯಾಕ್ ಬರುತ್ತೆ, ದಪ್ಪ ಮೊಬೈಲ್ ಪವರ್ ಬ್ಯಾಂಕ್ ಥರ, ಎರಡು ಕ್ಲಿಪ್ ಇರುತ್ತೆ. ಅದನ್ನ ಗಾಡಿಯ ಬ್ಯಾಗಲ್ಲಿ ಇಟ್ರೆ ಅದೂ ಚಳಿಗೆ ಮರಗಟ್ಟುತ್ತೆ, ಮೈಗೆ ತಾಗೋ ಒಳಗಿನ ಜೇಬಲ್ಲಿ ಇಟ್ಕೋಬೇಕು. ಒಂದು ವಿಷಯ ಅವನಿಗೆ ಬಿಡಿಸಿ ಹೇಳಿ, ಹಿಮಕುಸಿತದಲ್ಲಿ ಸಿಕ್ಕಿಬಿದ್ರೆ ಹುಡುಕೋಕೆ ಎದೆ ಮೇಲೆ ಕಟ್ಕೊಳ್ಳೋ ಒಂದು ಸಿಗ್ನಲ್ ಯಂತ್ರ ಇರುತ್ತೆ, ಫೋನು ಪವರ್ ಪ್ಯಾಕು ಅದರಿಂದ ಕನಿಷ್ಠ 20 ಸೆಂಟಿಮೀಟರ್, ಅಂದ್ರೆ ಒಂದು ಗೇಣು ದೂರ ಇರಬೇಕು, ಇಲ್ಲದಿದ್ರೆ ಸಿಗ್ನಲ್ ಕೆಡುತ್ತೆ. ಪ್ಯಾಕ್ ಜಾಕೆಟ್ಟಿನ ಕೆಳಗಿನ ಜೇಬಲ್ಲಿ, ಯಂತ್ರ ಎದೆಯ ಮೇಲೆ.

ಇನ್ನೊಂದು, ಒಬ್ಬನೇ ಹೋಗ್ಬಾರದು. ಜೊತೆಯವನ ಬೈಕಿನ ಬ್ಯಾಟರಿ ಇವನ ಬೈಕಿಗೆ ಕೂರುತ್ತಾ ಅಂತ ಮನೆಯಲ್ಲೇ ನೋಡ್ಕೊಂಡಿರಲಿ. ಎಂಜಿನ್ ಬಿಸಿ ಇದ್ದಾಗ ತಿರುಗಿಸೋದು ಸುಲಭ, ಹಾಗಾಗಿ ಬ್ಯಾಟರಿ ಮೇಲೆ ಅನುಮಾನ ಬಂದ ದಿನ ಊಟಕ್ಕೂ ಎಂಜಿನ್ ತಣ್ಣಗಾಗೋವಷ್ಟು ಹೊತ್ತು ನಿಲ್ಲಿಸದೆ, ಸಪಾಟು ಜಾಗದಲ್ಲೇ ಇದ್ದು, ಬೇಗ ವಾಪಸ್ ಹೊರಡಲಿ. ಮೊಬೈಲ್ ಸಿಗ್ನಲ್ ಆ ಬೆಟ್ಟಗಳಲ್ಲಿ ಸಿಗಲ್ಲ. ಐಫೋನ್ 14 ಅಥವಾ ಅದರ ನಂತರದ್ದಿದ್ರೆ ಕೆನಡಾದಲ್ಲಿ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸಬಹುದು, ಇನ್ನೂ ಒಳ್ಳೇದು ಗಾರ್ಮಿನ್ ಇನ್‌ರೀಚ್ ಥರದ ಉಪಗ್ರಹ ಸಾಧನ, ಅದರಿಂದ ನಾನು ಕ್ಷೇಮ ಅಂತ ನಿಮಗೂ ಸಂಜೆ ಮೆಸೇಜ್ ಹಾಕಬಹುದು. ಹಿಮಕುಸಿತದ ಅಪಾಯ ಎಷ್ಟಿದೆ ಅಂತ ಚಳಿಗಾಲದಲ್ಲಿ ಅವಲಾಂಚ್ ಕೆನಡಾ ಅನ್ನೋ ಸಂಸ್ಥೆ ದಿನಾ ಮುನ್ಸೂಚನೆ ಕೊಡುತ್ತೆ, ಅದರ ಕಚೇರಿ ಇರೋದೂ ಅದೇ ರೆವೆಲ್‌ಸ್ಟೋಕಲ್ಲಿ. ಅದನ್ನ ನೋಡದೆ ಹೊರಡಬಾರದು.

ಶುಕ್ರವಾರ ರಾತ್ರಿ ನೀವು ಫೋನ್ ಮಾಡಿದಾಗ ಊಟ ಆಯ್ತಾ ಅಂತ ಕೇಳ್ತೀರಲ್ಲ, ಜೊತೆಗೆ ಬ್ಯಾಟರಿ ಒಳಗೆ ತಂದ್ಯಾ, ಮೀಟರಲ್ಲಿ ಎಷ್ಟಿದೆ ಅಂತ ಕೇಳಿ. ಚಾರ್ಜರ್ ತೆಗೆದು ಸ್ವಲ್ಪ ಹೊತ್ತಾದ ಮೇಲೆ ನೋಡಿ ಹೇಳ್ಲಿ. ಲಿಥಿಯಂ ಆಗಿದ್ರೆ 13.3, ಲೆಡ್ ಆಗಿದ್ರೆ 12.8, ಅದಕ್ಕಿಂತ ಕಡಿಮೆ ಹೇಳಿದ್ರೆ ಪೂರ್ತಿ ಚಾರ್ಜ್ ಮಾಡಿ ಆಮೇಲೆ ಮಲಕ್ಕೋ ಅನ್ನಿ.